ಏಲಂ ಕೂಗುವವನ ಗಂಟಲು

ಬೆಳಿಗ್ಗೆ ಎದ್ದ ಕೂಡಲೆ ನಾನು ಮೊದಲು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, "ಹಾ" ಎಂದು ಒಮ್ಮೆ ಸ್ವರ ತೆಗೆದು ನೋಡುತ್ತೇನೆ. ದೇವರ ಪಟಕ್ಕೆ ಕೈ ಮುಗಿಯುವುದು ಆಮೇಲೆ. ಆ ಹೊತ್ತಿಗೆ ಅಡುಗೆಮನೆಯಲ್ಲಿ ಹೆಂಡತಿ ನಲ್ಲಿ ನಿಲ್ಲಿಸಿ ಕಿವಿ ಕೊಡುತ್ತಾಳೆ. ಸ್ವರ ಸರಿಯಾಗಿ ಬಂತು ಎಂದು ಅವಳಿಗೆ ಅನ್ನಿಸಿದರೆ ನಲ್ಲಿ ಮತ್ತೆ ಶುರುವಾಗುತ್ತದೆ. ಈ ವಿಷಯ ನಾವಿಬ್ಬರೂ ಮಾತಾಡಿದ್ದಿಲ್ಲ.

ನಾನು ಮಂಗಳೂರು ಬಂದರಿನ ದಕ್ಕೆಯಲ್ಲಿ ಮೀನಿನ ಏಲಂ ಕೂಗುವವನು. ಬೋಟುಗಳು ಬಂದು ತಾಗಿ ಮೀನು ಇಳಿಸುವ ಕಟ್ಟೆಗೆ ನಾವು ದಕ್ಕೆ ಎನ್ನುತ್ತೇವೆ. ಬೆಳಕು ಹರಿಯುವ ಮೊದಲೇ ಅಲ್ಲಿ ಜನ ಸೇರಿರುತ್ತದೆ. ಐಸ್ ಪುಡಿ ಮಾಡುವ ಯಂತ್ರದ ಸದ್ದು, ಬೋಟಿನ ಇಂಜಿನು, ಲಾರಿಯವರ ಹಾರನ್ನು, ಕಾಗೆಗಳು, ಮೀನು ಮಾರುವ ಹೆಂಗಸರ ಜಗಳ, ಇಷ್ಟೆಲ್ಲದರ ಮೇಲೆ ಒಬ್ಬನ ಸ್ವರ ಏಳಬೇಕು. ಏಳನೇ ಕ್ಲಾಸು ಮುಗಿಸದೆ ಶಾಲೆ ಬಿಟ್ಟು ಐಸ್ ಹೊರುವ ಕೆಲಸಕ್ಕೆ ಸೇರಿದೆ. ಬುಟ್ಟಿ ಹೊತ್ತೆ, ಬೋಟಿನಲ್ಲಿ ಅಡುಗೆ ಮಾಡಿದೆ, ಕೊನೆಗೆ ಸ್ವರದಿಂದ ಮೇಲೆ ಬಂದೆ. ಪಡೀಲಿನಲ್ಲಿರುವ ನಮ್ಮ ಮನೆಯ ಒಂದೊಂದು ಕೆಂಪುಕಲ್ಲೂ ಈ ಗಂಟಲಿನಿಂದ ಬಂದದ್ದು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ. ಯಾರ ಶಿಫಾರಸು ತಂದೂ ನಾನು ಆ ಕಟ್ಟೆಯ ಮೇಲೆ ನಿಂತವನಲ್ಲ.

ಏಲಂಗೆ ಒಂದು ಕ್ರಮ ಇದೆ. ಮೀನಿನ ಬುಟ್ಟಿಗಳನ್ನು ಸಾಲಾಗಿ ಇಟ್ಟ ಮೇಲೆ ಕೂಗುವವನು ಬಲಗೈ ಎತ್ತುತ್ತಾನೆ. ಕೈ ಮೇಲಿರುವ ತನಕ ಯಾರು ಬೇಕಾದರೂ ರೇಟು ಏರಿಸಬಹುದು. ಕೊಳ್ಳುವವರು ಬಾಯಿ ಬಿಡುವುದಿಲ್ಲ. ಒಬ್ಬಳು ಹುಬ್ಬು ಎತ್ತುತ್ತಾಳೆ, ಒಬ್ಬ ಗಲ್ಲ ತುರಿಸಿಕೊಳ್ಳುತ್ತಾನೆ, ಇನ್ನೊಬ್ಬಳು ಸೆರಗಿನ ಮರೆಯಲ್ಲಿ ಬೆರಳು ಅಲ್ಲಾಡಿಸುತ್ತಾಳೆ. ಅದನ್ನೆಲ್ಲ ಕಣ್ಣಿನಲ್ಲಿ ಹಿಡಿದು ನಾನು ಎಡೆಬಿಡದೆ ಕೂಗುತ್ತ ಹೋಗಬೇಕು. ಮಧ್ಯೆ ಸ್ವರ ಕಡಿದರೆ ಏರುತ್ತಿರುವ ರೇಟು ಅಲ್ಲೇ ಕೂತುಬಿಡುತ್ತದೆ. ಇನ್ನು ಯಾರೂ ಏರಿಸುವುದಿಲ್ಲ ಎಂದು ಕಂಡಾಗ ಕೈಯನ್ನು ಕೆಳಗೆ ತಂದು ಬುಟ್ಟಿಯ ಅಂಚಿಗೆ ಬಡಿಯುವುದು. ಬಡಿದರೆ ವ್ಯಾಪಾರ ಮುಗಿಯಿತು. ಬಿದ್ದ ಕೈಯನ್ನು ಮತ್ತೆ ಎತ್ತುವ ಕ್ರಮ ನಮ್ಮಲ್ಲಿ ಇಲ್ಲ, ಬೋಟಿನ ಧಣಿ ಎದುರಿಗೇ ನಿಂತಿದ್ದರೂ ಇಲ್ಲ.

ಒಂದು ವರ್ಷ ದೀಪಾವಳಿ ಕಳೆದು ಬೆಳಗಿನ ಇಬ್ಬನಿ ಬೀಳಲು ಶುರುವಾದಾಗ ನನಗೆ ಶೀತ ಹಿಡಿಯಿತು. ಶೀತ ಯಾರಿಗೆ ಹಿಡಿಯುವುದಿಲ್ಲ? ಮೂಗು ಸೋರಿತು, ಮಂಡೆ ಭಾರವಾಯಿತು, ಮೈ ಬಿಸಿಯಾಯಿತು, ಇಳಿಯಿತು. ಆದರೆ ಹೋಗುವಾಗ ಅದು ಗಂಟಲಿನಲ್ಲಿ ಏನೋ ಒಂದನ್ನು ಬಿಟ್ಟುಹೋಯಿತು. ಎಂಜಲು ನುಂಗುವಾಗ ಸಣ್ಣ ಮುಳ್ಳು ಸಿಕ್ಕಿಕೊಂಡ ಹಾಗೆ ಆಗುತ್ತಿತ್ತು. ಕೂಗುವಾಗ ಸ್ವರ ಮೇಲೆ ಹೋಗಿ, ಒಡಕು ಹಂಚಿನ ಮೇಲೆ ಕಾಲಿಟ್ಟ ಹಾಗೆ ಚೂರಾಗುತ್ತಿತ್ತು.

ಹೆಂಡತಿ ಮನೆಯಲ್ಲಿ ಬೀಡಿ ಕಟ್ಟುತ್ತಾಳೆ. ನಾನು ಕೆಮ್ಮಲು ಶುರು ಮಾಡಿದ ಮೇಲೆ ಹೊಗೆಸೊಪ್ಪಿನ ಮೊರವನ್ನು ಅವಳೇ ಒಳಗಿನಿಂದ ಜಗಲಿಗೆ ಸಾಗಿಸಿದಳು. ಇಬ್ಬನಿಯಲ್ಲಿ ಎಲೆ ಮೆತ್ತಗಾಗುತ್ತದೆ, ಬೀಡಿ ಸರಿಯಾಗಿ ಕೂರುವುದಿಲ್ಲ ಎಂದು ಯಾವಾಗಲೂ ಗೊಣಗುವವಳು ಆ ಸಲ ಏನೂ ಹೇಳಲಿಲ್ಲ. ಬೆಳಿಗ್ಗೆ ನಾನು ಸ್ಕೂಟರ್ ತೆಗೆಯುವ ಮೊದಲು ಒಂದು ಲೋಟ ಕಷಾಯ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಕರಿಮೆಣಸು, ಒಣಶುಂಠಿ, ಜೀರಿಗೆ, ಅದರ ಮೇಲೆ ಅವಳ ತಾಯಿ ಮನೆಯಿಂದ ತಂದ ಯಾವುದೋ ಚಕ್ಕೆ. ನಾವು ಮನೆಯಲ್ಲೂ ದಕ್ಕೆಯಲ್ಲೂ ಆಡುವುದು ತುಳುವಿನಲ್ಲಿ. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಕುಡಿಯಿರಿ. ಬೇಕಾದ್ರೆ ಮೂಗು ಹಿಡಿದು ಕುಡಿಯಿರಿ."

"ಇದು ಕಷಾಯವಾ, ಬೋಟಿನ ಕರಿ ಆಯಿಲಾ?"

"ಇಷ್ಟು ದೊಡ್ಡ ಗಂಡಸು! ಬೊಬ್ಬೆ ಹೊಡೆದು ಲಾರಿ ನಿಲ್ಲಿಸ್ತೀರಿ. ಒಂದು ಲೋಟ ಕಷಾಯ ನೋಡಿ ಮುಖ ತಿರುಗಿಸ್ತೀರಲ್ಲ!"

ಅವಳು ಹೇಳಿದ್ದು ನಿಜ. ನನ್ನ ಹೊಟ್ಟೆಗೆ ಕಹಿ ಆಗುವುದಿಲ್ಲ. ಖಾಲಿ ಹೊಟ್ಟೆಗೆ ಕಹಿ ಹೋದರೆ ಹೋದ ದಾರಿಯಲ್ಲೇ ವಾಪಸು ಬರುತ್ತದೆ. ಮೊದಲ ದಿನ ಪಂಪ್‌ವೆಲ್ ಸರ್ಕಲ್ ಹತ್ತಿರ ಸ್ಕೂಟರ್ ನಿಲ್ಲಿಸಿ ಚರಂಡಿಗೆ ಬಗ್ಗಿದೆ. ಅದರ ನಂತರ ಅವಳು ಆ ಕಡೆ ತಿರುಗಿದಾಗ ಲೋಟವನ್ನು ದಾಸವಾಳದ ಬುಡಕ್ಕೆ ಸುರಿದು ಹೋಗುತ್ತಿದ್ದೆ. ದಾಸವಾಳಕ್ಕೆ ಆ ವರ್ಷ ಏನೂ ಕಾಯಿಲೆ ಬರಲಿಲ್ಲ.

ನನಗೆ ಬೇಕಾದದ್ದು ಕುಡಿಯಲು ಹಿತವಾದ, ಕೈಗೆ ಎಟಕುವ ಬೆಲೆಯ ಒಂದು ಮದ್ದು. ಹಾಗೆಂದು ಎಲ್ಲರಲ್ಲೂ ಹೇಳುತ್ತಿದ್ದೆ. ಬಂದರಿನ ಗಲ್ಲಿಯಲ್ಲಿ ಮಸಾಲೆಯೂ ಮದ್ದಿನ ಬೇರುಗಳೂ ಸಿಗುವ ಒಂದು ಹಳೆಯ ಅಂಗಡಿ ಇದೆ. ಅದರ ಯಜಮಾನ ವಯಸ್ಸಾದ ಬ್ಯಾರಿ. ಎಲ್ಲರಿಗೂ ಅವರು ಕಾಕ. ನಾನು ಹೋಗಿ ಗಂಟಲು ತೋರಿಸಿದೆ. ಕಾಕ ಕನ್ನಡಕ ಏರಿಸಿ, ಡಬ್ಬದಿಂದ ಹಳದಿ ಬೇರಿನ ಒಂದು ತುಂಡು ತೆಗೆದರು.

"ಜ್ಯೇಷ್ಠಮಧು. ಬಾಯಲ್ಲಿ ಹಾಕಿ ಅಗಿಯಿರಿ. ಸಿಹಿ ಉಂಟು. ನಿಮ್ಮಂಥ ಮಕ್ಕಳಿಗೆ ಆಗ್ತದೆ."

"ಕಾಕ, ನನಗೆ ಐವತ್ತು ಹತ್ತಿರ ಬಂತು ಮಾರಾಯ್ರೆ."

"ಕಹಿಗೆ ಹೆದರುವವರಿಗೆಲ್ಲ ನನ್ನ ಲೆಕ್ಕದಲ್ಲಿ ಐದೇ ವರ್ಷ." ಕಾಗದದಲ್ಲಿ ಕಲ್ಲುಸಕ್ಕರೆಯನ್ನೂ ಕಟ್ಟಿ ಕೊಟ್ಟರು. ಆಮೇಲೆ ನಗು ಬಿಟ್ಟು ಕೇಳಿದರು: "ಸ್ವರ ಹೀಗೆ ಆಗಿ ಎಷ್ಟು ಸಮಯ ಆಯ್ತು?"

"ಮೊನ್ನೆ ಮೊನ್ನೆ."

"ಮೊನ್ನೆಯಾ? ಹೋದ ತಿಂಗಳು ನೀವು ಉಪ್ಪಿನ ಪೊಟ್ಟಣ ಕೇಳಿದಾಗಲೂ ಇದೇ ಸ್ವರ."

ನಾನು ಕೇಳದವನ ಹಾಗೆ ಹೊರಗೆ ಬಂದೆ.

ಬೇರು ಬಾಯಲ್ಲಿರುವಷ್ಟು ಹೊತ್ತು ಹಿತವಾಗುತ್ತಿತ್ತು. ಆದರೆ ಬಾಯಲ್ಲಿ ಬೇರು ಇಟ್ಟುಕೊಂಡು ಏಲಂ ಕೂಗಲಿಕ್ಕೆ ಆಗುವುದಿಲ್ಲ. ಆಮೇಲೆ ದಕ್ಕೆಯ ಗೇಟಿನ ಗೂಡಂಗಡಿಯಲ್ಲಿ ಸಿಗುವ ತಂಪಿನ ಮಿಂಟು ಹಿಡಿದೆ. ಬಾಯಿಗೆ ಹಾಕಿದರೆ ಗಂಟಲಿನ ಒಳಗೆ ಐಸ್ ಇಟ್ಟ ಹಾಗೆ, ನೋವೇ ಗೊತ್ತಾಗುವುದಿಲ್ಲ. ಒಂದು ಹಾಕಿ ಕೂಗು, ಮತ್ತೊಂದು ಹಾಕಿ ಕೂಗು. ಅಗ್ಗ, ಸಿಹಿ, ಅಂಗಿಯ ಕಿಸೆಯಲ್ಲಿ ಹಿಡಿಯುತ್ತದೆ. ಇಷ್ಟು ದಿನ ಹುಡುಕಿದ್ದು ಸಿಕ್ಕಿತು ಎಂದುಕೊಂಡೆ. ನೋವು ಗೊತ್ತಾಗದ ಕಾರಣ ಮೊದಲಿಗಿಂತ ಹೆಚ್ಚು ಜೋರಾಗಿ ಕೂಗಿದೆ. ಹತ್ತು ಗಂಟೆಯ ಹೊತ್ತಿಗೆ ಸ್ವರ ಪೂರ್ತಿ ಕುಸಿದು ಗಾಳಿ ಮಾತ್ರ ಬರುತ್ತಿತ್ತು.

ಆ ಮಿಂಟಿನ ಖಾಲಿ ಕಾಗದಗಳು ಒಂದು ದಿನ ಅಂಗಿ ಒಗೆಯುವಾಗ ಹೆಂಡತಿಯ ಕೈಗೆ ಸಿಕ್ಕಿದವು.  ಒಗೆಯುವ ಕಲ್ಲಿನ ಮೇಲೆ ಅವನ್ನು ಇಟ್ಟು ಸ್ವಲ್ಪ ಹೊತ್ತು ನೋಡುತ್ತ ಕೂತಳು. ಆಮೇಲೆ ಒಲೆಗೆ ಹಾಕಿದಳು. ಅವಳು ಯಾಕೆ ಹಾಗೆ ನೋಡಿದಳು ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.

ನನಗಿಂತ ಮೊದಲು ದಕ್ಕೆಯಲ್ಲಿ ಕೂಗುತ್ತಿದ್ದದ್ದು ನನ್ನ ಅಣ್ಣ. ಕೈ ಎತ್ತುವ ರೀತಿ, ಉಸಿರು ಉಳಿಸುವ ರೀತಿ, ಹುಬ್ಬು ಎತ್ತುವವರನ್ನು ನೋಡಿಯೂ ನೋಡದ ಹಾಗೆ ಇರುವ ರೀತಿ, ಎಲ್ಲ ಅವನಿಂದ ಕಲಿತದ್ದು. ಅವನ ಸ್ವರ ಆಚೆ ದಡದ ಬೆಂಗ್ರೆಯವರೆಗೆ ಕೇಳುತ್ತದೆ ಎಂದು ಜನ ಹೇಳುತ್ತಿದ್ದರು. ಅವನಿಗೂ ಮೊದಲು ಆದದ್ದು ಶೀತ. ಆಮೇಲೆ ಸ್ವರ ಒಡೆಯಿತು. ಶೀತ ಇಳಿಯುವಾಗ ಹಾಗೆ ಆಗುತ್ತದೆ ಎಂದು ಅವನೂ ಹೇಳಿದ, ನಾವೂ ಹೇಳಿದೆವು. ಅವನ ಕಿಸೆಯಲ್ಲೂ ಮಿಂಟಿನ ಡಬ್ಬಿ ಇರುತ್ತಿತ್ತು. ಕೊನೆಗೆ ದೊಡ್ಡಾಸ್ಪತ್ರೆಗೆ ಹೋಗುವಾಗ ನುಂಗಲಿಕ್ಕೇ ಆಗುತ್ತಿರಲಿಲ್ಲ. ಡಾಕ್ಟರು ಹೇಳಿದ ಹೆಸರನ್ನು ನಮ್ಮ ಮನೆಯಲ್ಲಿ ಈಗಲೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗಂಟಲಿನ ಕಾಯಿಲೆಯಲ್ಲಿ ಹೋದ ಎನ್ನುತ್ತೇವೆ, ಅಷ್ಟೆ.

ಹಾಗಾಗಿ ಅಗ್ಗದ ಮದ್ದು, ರುಚಿಯ ಮದ್ದು ಎಂದು ನಾನು ಅಂಗಡಿ ಅಂಗಡಿ ತಿರುಗುತ್ತಿದ್ದದ್ದು ಡಾಕ್ಟರಲ್ಲಿಗೆ ಹೋಗದೆ ಇರುವುದಕ್ಕೆ. ಕಷಾಯದಿಂದ ಹೋದರೆ ಅದು ಶೀತ. ಕಲ್ಲುಸಕ್ಕರೆಯಿಂದ ಹೋದರೂ ಶೀತವೇ. ಯಾವುದರಿಂದಲೂ ಹೋಗದಿದ್ದರೆ? ಅಲ್ಲಿಗೆ ಬಂದು ನನ್ನ ಯೋಚನೆ ನಿಲ್ಲುತ್ತಿತ್ತು. ಸ್ಕೂಟರಿನಲ್ಲಿ ಹೋಗುವಾಗ ಒಂದು ಕೈಯಿಂದ ಗಂಟಲು ಮುಟ್ಟಿ ಗಂಟು ಏನಾದರೂ ಸಿಗುತ್ತದೆಯಾ ಎಂದು ಹುಡುಕುತ್ತಿದ್ದೆ. ಅನ್ನ ಉಣ್ಣುವಾಗ ಒಂದೊಂದು ತುತ್ತೂ ಎಲ್ಲಿ ತಾಗಿ ಇಳಿಯಿತು ಎಂದು ಲಕ್ಷ್ಯ ಕೊಟ್ಟು ನುಂಗುತ್ತಿದ್ದೆ. ಹಾಗೆ ನುಂಗಿದರೆ ಆರೋಗ್ಯದ ಗಂಟಲಿಗೂ ಮುಳ್ಳು ತಾಗುತ್ತದೆ.

ಒಂದು ಬೆಳಿಗ್ಗೆ ನಮ್ಮ ಧಣಿಯ ಬೋಟು ಒಳ್ಳೆಯ ಬೆಲೆಯ ಅಂಜಲ್ ಮೀನು ತಂದಿತ್ತು. ಅಂಜಲ್ ಬಂದ ದಿನ ದಕ್ಕೆಗೆ ಬೇರೆಯೇ ಕಳೆ. ಹೋಟೆಲಿನವರು, ಲಾರಿಯವರು, ಹೆಂಗಸರು ಎಲ್ಲ ಸುತ್ತ ನಿಂತರು. ನಾನು ಮಿಂಟು ಬಾಯಿಗೆ ಹಾಕಿ, ಕೈ ಎತ್ತಿ, ಕೂಗಲು ಶುರು ಮಾಡಿದೆ. ರೇಟು ಇನ್ನೂ ಬುಡದಲ್ಲೇ ಇತ್ತು. ಅಷ್ಟರಲ್ಲಿ ಗಂಟಲಿನ ಆಳದಿಂದ ಕೆಮ್ಮು ಬಂತು. ತಡೆದೆ. ತಡೆದಷ್ಟೂ ಹೆಚ್ಚಾಯಿತು. ಮೈ ಎರಡಾಗಿ ಬಗ್ಗಿತು, ಕಣ್ಣಿಗೆ ಕತ್ತಲೆ ಬಂತು, ಬೀಳದ ಹಾಗೆ ಹಿಡಿದುಕೊಳ್ಳಲು ಎತ್ತಿದ ಕೈ ಕೆಳಗೆ ಬಂದು ಬುಟ್ಟಿಯ ಅಂಚಿಗೆ ಬಡಿಯಿತು.

ಬುಡದ ರೇಟಿಗೇ ವ್ಯಾಪಾರ ಮುಗಿಯಿತು.

ಕೊನೆಗೆ ಹುಬ್ಬು ಎತ್ತಿದ್ದವಳು ಒಬ್ಬ ಮೀನು ಮಾರುವ ಹೆಂಗಸು. ನನಗಿಂತ ಹಿರಿಯಳು. ನಾನು ಅಕ್ಕ ಎನ್ನುತ್ತೇನೆ. ಅಣ್ಣನ ಕಾಲದಿಂದ ದಕ್ಕೆಯಲ್ಲಿದ್ದಾಳೆ. ಅವಳ ಬಾಯಿಗೆ ಹೆದರಿ ಲಾರಿಯವರೂ ದಾರಿ ಬಿಡುತ್ತಾರೆ. ಅವಳು ನಿಧಾನಕ್ಕೆ ಮುಂದೆ ಬಂದು ಬುಟ್ಟಿಯ ಮೇಲೆ ಕೈ ಇಟ್ಟಳು.

"ಕೈ ಬಿತ್ತು."

"ಹೇ, ಅದು ಕೆಮ್ಮಿನಲ್ಲಿ ಬಿದ್ದದ್ದು ಮಾರಾಯ್ತಿ," ಎಂದ ಹೋಟೆಲಿನವನು.

"ಕೆಮ್ಮಿ ಬಿದ್ರೆ ಎಂತ, ಕುಣಿದು ಬಿದ್ರೆ ಎಂತ? ಬಿದ್ದದ್ದು ಬಿದ್ದದ್ದೇ. ನಿನಗೆ ಬೇಕಾದ್ರೆ ನನ್ನ ಹತ್ರ ಕೊಂಡುಕೋ, ಸಂಜೆ ರೇಟಿಗೆ!"

ಎಲ್ಲರೂ ನಕ್ಕರು. ಧಣಿ ನಗಲಿಲ್ಲ, ಬೈಯಲೂ ಇಲ್ಲ. ಅವರು ಬೈದಿದ್ದರೆ ನಾನು ಎದುರು ಮಾತಾಡಿ ಹಗುರಾಗುತ್ತಿದ್ದೆ. ಉಳಿದ ಮೀನು ಹೋದ ಮೇಲೆ ಹತ್ತಿರ ಬಂದು, ಹೆಗಲ ಮೇಲೆ ಕೈ ಇಟ್ಟು, "ಸ್ವಲ್ಪ ದಿನ ರೆಸ್ಟ್ ಮಾಡಿ. ಆಚೆ ಬೋಟಿನವ ಕೂಗ್ಲಿ, ಅವನ ಹತ್ರ ಮೈಕ್ ಉಂಟು," ಎಂದರು.

ಕುತ್ತಿಗೆಗೆ ನೇತು ಹಾಕುವ ಸಣ್ಣ ಸ್ಪೀಕರ್ ಒಂದು ಬಂದಿದೆ. ಬಲೂನ್ ಮಾರುವವರ ಹತ್ತಿರ ಇರುತ್ತದಲ್ಲ, ಅಂಥದ್ದು. ಅದನ್ನು ಹಾಕಿಕೊಂಡು ಏಲಂ ಕೂಗುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಸ್ವರ ಇಲ್ಲದವರು ಬೇರೆ ಕೆಲಸ ಹುಡುಕಲಿ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ಆ ದಿನ ಧಣಿಗೆ "ಆಯ್ತು" ಎನ್ನಬೇಕಾಯಿತು. ಅದೂ ಗಾಳಿಯಾಗಿಯೇ ಹೊರಗೆ ಬಂತು.

ಮನೆಯಲ್ಲಿ ಸ್ವರಕ್ಕೆ ರಜೆ ಕೊಡುತ್ತೇನೆ ಎಂದು ಪಿಸುಮಾತು ಶುರು ಮಾಡಿದೆ. ನೀರು ಬೇಕು, ಊಟ ಬೇಕು, ಫ್ಯಾನ್ ಹಾಕು, ಎಲ್ಲ ಪಿಸುಪಿಸು. ಕೂಗದಿದ್ದರೆ ಗಂಟಲು ಸುಧಾರಿಸಬೇಕಲ್ಲ ಎಂಬುದು ನನ್ನ ಲೆಕ್ಕ. ಸುಧಾರಿಸಲಿಲ್ಲ, ಇನ್ನೂ ಒಣಗಿತು. ಹೆಂಡತಿ ಸಾಂಬ್ರಾಣಿ ಎಲೆ, ಅದೇ ದೊಡ್ಡಪತ್ರೆ, ಬಾಡಿಸಿ ರಸ ತೆಗೆದು ಜೇನಿನಲ್ಲಿ ಕೊಟ್ಟಳು. ಅದೊಂದು ರುಚಿಯಾಗಿತ್ತು. ಹುರುಳಿ ಬೇಯಿಸಿದ ನೀರಿನ ಸಾರು ಮಾಡಿದಳು, ಒಗ್ಗರಣೆಗೆ ಬೆಳ್ಳುಳ್ಳಿ ಹಾಕಿ. ಅದನ್ನು ಎರಡು ಸಲ ಹಾಕಿಸಿಕೊಂಡೆ. ಅವಳು ನಾನು ಉಣ್ಣುವುದನ್ನು ನೋಡುತ್ತಿದ್ದಳು. ನುಂಗುವುದನ್ನು ನೋಡುತ್ತಿದ್ದಳು ಎನ್ನಬೇಕು.

ಒಂದು ಗುರುವಾರ ಅವಳು ಬೀಡಿ ಕೊಟ್ಟು ಬರುತ್ತೇನೆ ಎಂದು ಹೋದವಳು ತಡ ಮಾಡಿದಳು. ಬಂದಾಗ ಬೆರಳಿನ ತುದಿಯಲ್ಲಿ ಮೇಣ ಅಂಟಿತ್ತು.

"ಎಲ್ಲಿಗೆ ಹೋಗಿದ್ದಿ?" ಪಿಸುಗುಟ್ಟಿದೆ.

"ಬಿಕರ್ನಕಟ್ಟೆಗೆ."

"ಬಾಲಯೇಸುವಿನ ಇಗರ್ಜಿಗಾ? ಎಂತಕ್ಕೆ?"

"ಎಂತಕ್ಕೂ ಇಲ್ಲ. ಪಕ್ಕದ ಮನೆಯ ಕ್ರಿಶ್ಚನ್ ಬಾಯಿ ಹೋಗ್ತಿದ್ರು, ಜೊತೆಗೆ ಹೋದೆ. ಒಂದು ಮೊಂಬತ್ತಿ ಇಟ್ಟೆ." ಸ್ವಲ್ಪ ತಡೆದು, ಬೆರಳಿನ ಮೇಣ ಕೆರೆಯುತ್ತ, "ಭಾವನಿಗೆ ಇಡ್ಲಿಕ್ಕೆ ಆಗ್ಲಿಲ್ಲ," ಎಂದಳು.

ಅಣ್ಣನ ವಿಷಯ ನಮ್ಮಿಬ್ಬರ ನಡುವೆ ಬಾಯಿಗೆ ಬಂದದ್ದು ಆಗಲೇ ಮೊದಲು.  ಇಷ್ಟು ದಿನ ಆ ಹೆದರಿಕೆಯನ್ನು ನಾನೊಬ್ಬನೇ ಹೊತ್ತಿದ್ದೇನೆ, ಮನೆಯವರಿಗೆ ತಾಗದ ಹಾಗೆ ಇಟ್ಟಿದ್ದೇನೆ ಎಂದು ನನಗೊಂದು ಹೆಮ್ಮೆ ಇತ್ತು. ಅವಳು ಅದನ್ನು ನನಗಿಂತ ಮೊದಲೇ ಹೊತ್ತು ತಿರುಗುತ್ತಿದ್ದಳು.

ಆದರೂ ಡಾಕ್ಟರಲ್ಲಿಗೆ ಹೋಗುತ್ತೇನೆ ಎಂದು ನಾನು ಹೇಳಲಿಲ್ಲ. ಮರುದಿನ ಮನೆಯಲ್ಲಿ ಕೂರಲಾರದೆ ದಕ್ಕೆಗೆ ಹೋದೆ. ಆಚೆ ಬೋಟಿನವ ಮೈಕಿನಲ್ಲಿ ನಮ್ಮ ಧಣಿಯ ಮೀನು ಕೂಗುತ್ತಿದ್ದ. ಚೆನ್ನಾಗಿಯೇ ಕೂಗುತ್ತಿದ್ದ. ನಾನು ಒಂದು ಖಾಲಿ ಬುಟ್ಟಿ ಕವುಚಿ ಹಾಕಿ ಕೂತು ಕಿಸೆಯಿಂದ ಮಿಂಟು ತೆಗೆದೆ. ಅಕ್ಕ ತನ್ನ ಮೀನಿನ ಬುಟ್ಟಿಗೆ ಐಸ್ ಹಾಕುತ್ತಿದ್ದವಳು ನಿಲ್ಲಿಸಿದಳು.

"ಎಂತ ತಿನ್ನುವುದು ನೀನು?"

ನಾನು ತೋರಿಸಿದೆ.

"ನಿನ್ನ ಅಣ್ಣನೂ ಇಲ್ಲೇ ಕೂತು ಇದನ್ನೇ ತಿನ್ನುತ್ತಿದ್ದ. ನನಗೂ ಒಂದು ಕೊಡುತ್ತಿದ್ದ. ನಾನು ಸಹ ಬಾಯಿ ಚಪ್ಪರಿಸಿಕೊಂಡು ತಿಂದೆ. ಡಾಕ್ಟ್ರಿಗೆ ತೋರಿಸು ಅಂತ ಒಂದು ಮಾತು ಹೇಳ್ಲಿಲ್ಲ, ಈ ಇಷ್ಟು ದೊಡ್ಡ ಬಾಯಿ ಇಟ್ಟುಕೊಂಡು."

"ನನ್ನದು ಶೀತ ಅಕ್ಕ. ಸೀಸನ್ ಮುಗಿಯಲಿ, ನೋಡುವ."

"ಸೀಸನ್ ಮುಗಿಯುವಾಗ ಮೇ ತಿಂಗಳು. ಅಷ್ಟು ಸಮಯ ನಿನ್ನ ಗಂಟಲು ಕಾಯ್ತದಾ?"

"ಮುಂದಿನ ವಾರ ಹೋಗ್ತೇನೆ."

"ನಾಳೆ."

"ಹುಣ್ಣಿಮೆ ಕಳೆಯಲಿ."

"ನಾಳೆ."

ಅವಳು ಬಲಗೈ ಎತ್ತಿದಳು. ನಾನು ಏಲಂ ಕೂಗುವಾಗ ಎತ್ತುವ ಹಾಗೆಯೇ, ಅಂಗೈ ಅಗಲಿಸಿ. ಐಸ್ ನೀರು ಮೊಣಕೈಗೆ ಇಳಿಯುತ್ತಿತ್ತು. ಪಕ್ಕದ ಹೆಂಗಸರು ಮಾತು ನಿಲ್ಲಿಸಿ ನೋಡಿದರು.

"ನಾಳೆ ಅಂತ ನಾನು ಹೇಳಿದ್ದೇನೆ. ಇದಕ್ಕಿಂತ ಮೊದಲು ಅಂತ ಯಾರಾದ್ರೂ ಉಂಟಾ?"

"ಇವತ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

"ಇವತ್ತು. ಆಯ್ತು." ಅವಳ ಕೈ ನಾನು ಕೂತಿದ್ದ ಬುಟ್ಟಿಯ ಅಂಚಿಗೆ ಪಟಾರ್ ಎಂದು ಬಡಿಯಿತು. "ಕೈ ಬಿತ್ತು. ಎದ್ದು ಹೋಗು ಇನ್ನು."

ನಾನು ಸಾವಿರ ಸಲ ಬಡಿದ ಬುಟ್ಟಿ ಅದು. ಬಿದ್ದ ಕೈಯನ್ನು ಎತ್ತಲಿಕ್ಕಿಲ್ಲ ಎಂದು ದಕ್ಕೆಯಲ್ಲಿ ಎಲ್ಲರೊಡನೆ ಜಗಳ ಮಾಡಿದವನು ನಾನು. ಎದ್ದು ಹೋದೆ.

ಹೆಂಡತಿಗೆ ಫೋನ್ ಮಾಡಿದರೆ ಮಾತು ಹೊರಡಲಿಲ್ಲ. ಮನೆಗೇ ಹೋಗಿ "ಬಾ" ಎಂದು ಕೈ ಮಾಡಿದೆ.  ಅವಳು ಬೀಡಿಯ ಮೊರಕ್ಕೆ ಬಟ್ಟೆ ಮುಚ್ಚಿ, ಚಪ್ಪಲಿ ಹಾಕಿ ಬಂದಳು.

ಕಿವಿ, ಮೂಗು, ಗಂಟಲಿನ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಮೂಗಿನಿಂದ ತೆಳ್ಳಗಿನ ಒಂದು ನಳಿಗೆ ಇಳಿಸಿ ನೋಡಬೇಕು, ಅದರ ತುದಿಯಲ್ಲಿ ಕ್ಯಾಮರಾ ಉಂಟು ಎಂದರು. ಆ ಬಾಗಿಲಿನ ಹೊರಗೆ ಕಾದ ಹೊತ್ತು ಎಷ್ಟೆಂದು ನನಗೆ ಗೊತ್ತಿಲ್ಲ. ಗೋಡೆಯಲ್ಲಿ ಗಂಟಲಿನ ಒಳಗಿನ ಚಿತ್ರ ತೂಗಿತ್ತು. ಹೆಂಡತಿ ಅದಕ್ಕೆ ಬೆನ್ನು ಮಾಡಿ ಕೂತಿದ್ದಳು. ಒಳಗೆ ಕುರ್ಚಿಯಲ್ಲಿ ಕೂರಿಸಿ ನಳಿಗೆ ಇಳಿಸಿದರು. 

"'ಈ' ಅನ್ನಿ... ಹೂಂ... ಇನ್ನೊಮ್ಮೆ 'ಈ' ಅನ್ನಿ."

ಡಾಕ್ಟರು ಪರದೆಯಲ್ಲಿ ನೋಡುತ್ತಿದ್ದರು. ನಾನು ಅವರ ಹುಬ್ಬು ನೋಡುತ್ತಿದ್ದೆ. ಹುಬ್ಬು ಓದಿ ಬದುಕಿದವನು ನಾನು. ಆ ಹುಬ್ಬು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ.

"ಎಂತ ಕೆಲಸ ನಿಮ್ಮದು?"

ಹೆಂಡತಿ ಹೇಳಿದಳು. ಡಾಕ್ಟರು ನಕ್ಕರು. ಆ ನಗುವನ್ನು ನಂಬಬಹುದೋ ಬಾರದೋ ಎಂದು ನಾನು ಇನ್ನೂ ಯೋಚಿಸುತ್ತಿರುವಾಗಲೇ ಅವರು ಹೇಳತೊಡಗಿದರು. ಸ್ವರ ಹೊರಡುವ ಎರಡು ಪಟ್ಟಿಗಳು ಊದಿಕೊಂಡಿವೆ, ಎರಡರಲ್ಲೂ ಎದುರು ಬದುರು ಸಣ್ಣ ಗಂಟು ಉಂಟು. ಬುಟ್ಟಿ ಹೊತ್ತವರ ಅಂಗೈ ದಡ್ಡುಗಟ್ಟುತ್ತದಲ್ಲ, ಹಾಗೆ. ಶೀತದಲ್ಲಿ ಕೂಗಿ ಕೂಗಿ ಆದದ್ದು.

"ನನ್ನ ಅಣ್ಣನಿಗೆ..." ಎಂದೆ. 

ಹೆಂಡತಿ ಆ ಹೆಸರನ್ನು ಪೂರ್ತಿಯಾಗಿ ಹೇಳಿದಳು. ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಹೇಳದಿದ್ದ ಹೆಸರು.

ಡಾಕ್ಟರು ನಗು ನಿಲ್ಲಿಸಿದರು. "ನೋಡಿದ್ರೆ ಹಾಗೆ ಕಾಣುದಿಲ್ಲ. ಆದ್ರೆ ಮನೆಯಲ್ಲಿ ಆಗಿದೆ ಅಂತ ಹೇಳಿದ್ದು ಒಳ್ಳೆದಾಯ್ತು. ಸ್ವರಕ್ಕೆ ಪೂರ್ತಿ ರೆಸ್ಟ್ ಕೊಟ್ಟು ಮತ್ತೆ ಬನ್ನಿ, ಇನ್ನೊಮ್ಮೆ ನೋಡ್ಲೇಬೇಕು. ಸ್ವರ ಒಡೆದು ಇಷ್ಟು ಸಮಯ ಆದ್ರೆ ಮನೆಮದ್ದು ಮಾಡಿ ಕೂರಬಾರದು."

ಏನೇನು ತೆಗೆದುಕೊಂಡೆ ಎಂದು ಕೇಳಿದರು. ಮಿಂಟು ಎಂದಾಗ ತಲೆ ಅಲ್ಲಾಡಿಸಿದರು. ಅದು ನೋವು ಮರೆಸುತ್ತದೆ, ಮರೆತು ನೀವು ಇನ್ನೂ ಕೂಗುತ್ತೀರಿ ಎಂದರು. ಖಾರದ ಕಷಾಯ ಸದ್ಯಕ್ಕೆ ಬೇಡ. ಉಗುರುಬೆಚ್ಚಗಿನ ನೀರು ಆಗಾಗ, ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಹಬೆ, ಬೇಕಾದರೆ ಸ್ವಲ್ಪ ಜೇನು. ಬಾಯಿಗೆ ಹಿತವಾದದ್ದನ್ನೇ ಉಣ್ಣಿ.

"ಮಾತು?" ಎಂದು ಪಿಸುಗುಟ್ಟಿದೆ.

"ಇದೇ ಬೇಡ. ಪಿಸುಗುಟ್ಟಿದ್ರೆ ಗಂಟಲಿಗೆ ಇನ್ನೂ ತ್ರಾಸ. ಪೂರ್ತಿ ಸುಮ್ಮನಿರಿ."

"ಡಾಕ್ಟ್ರೇ, ಅದೊಂದನ್ನು ಚೀಟಿಯಲ್ಲಿ ಬರೆದುಕೊಡಿ," ಎಂದಳು ಹೆಂಡತಿ. "ನಾನು ಹೇಳಿದ್ರೆ ಇವರು ಕೇಳುವ ಜನ ಅಲ್ಲ."

ಮಾತಿಲ್ಲದೆ ಇರುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಬಾಯಿ ಮುಚ್ಚಿದರೆ ಯೋಚನೆ ಜೋರಾಗುತ್ತದೆ. ಹಾಗೆ ಕಾಣುವುದಿಲ್ಲ ಎಂದರಲ್ಲ, ಹಾಗೆ ಅಲ್ಲ ಎನ್ನಲಿಲ್ಲವಲ್ಲ. ಇನ್ನೊಮ್ಮೆ ನೋಡಲೇಬೇಕು ಎಂದರಲ್ಲ, ಯಾಕೆ? ಆ ಒಂದು ಮಾತನ್ನು ನಾನು ಮೀನು ತಿರುಗಿಸಿ ಕಿವಿರು ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಹೆಂಡತಿ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟು ಕೊಡುತ್ತಿದ್ದಳು. ಊರೆಲ್ಲ ತಿರುಗಿ ಹುಡುಕಿದ ಮದ್ದಿಗಿಂತ ಅದು ಗಂಟಲಿಗೆ ಹಿತವಾಗಿ ಇಳಿಯುತ್ತಿತ್ತು. ಸಂಜೆ ಅಗಲದ ಪಾತ್ರೆಯಲ್ಲಿ ನೀರು ಕುದಿಸಿ, ಸಾಂಬ್ರಾಣಿ ಎಲೆ ಹಾಕಿ, ಕಂಬಳಿ ಹೊದಿಸಿ ಹಬೆಗೆ ಕೂರಿಸುತ್ತಿದ್ದಳು. ಕಂಬಳಿಯ ಒಳಗೆ ಮುಖದ ನೀರು ಬೆವರೋ ಮತ್ತೊಂದೋ ಎಂದು ಯಾರಿಗೂ ಕಾಣುವುದಿಲ್ಲ. ಅದೂ ಒಂದು ಉಪಕಾರವೇ.

ದಕ್ಕೆಗೆ ಹೋಗದೆ ಇರಲು ಆಗುತ್ತಿರಲಿಲ್ಲ. ಹೋಗಿ ಸುಮ್ಮನೆ ಕೂರುತ್ತಿದ್ದೆ. ಹೆಂಗಸರಿಗೆ ಹಬ್ಬ.

"ಏನು ಅಣ್ಣ, ಇವತ್ತು ರೇಟು ಎಷ್ಟು?"

ನಾನು ಮುಖ ತಿರುಗಿಸುತ್ತಿದ್ದೆ.

"ನೋಡಿ, ಹೆಂಡತಿಗೆ ಎಷ್ಟು ಸುಖ! ನನ್ನ ಗಂಡನನ್ನೂ ಆ ಡಾಕ್ಟ್ರಿಗೆ ತೋರಿಸ್ಬೇಕು!"

ಅಕ್ಕ ಮಾತ್ರ ಪ್ರತಿದಿನ ಫ್ಲಾಸ್ಕಿನಲ್ಲಿ ಬಿಸಿನೀರು ತಂದು ನನ್ನ ಪಕ್ಕ ಇಟ್ಟು ಹೋಗುತ್ತಿದ್ದಳು.

ಎರಡನೇ ಸಲ ನಳಿಗೆ ಇಳಿಸಿದಾಗ ನಾನು ಡಾಕ್ಟರ ಹುಬ್ಬು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಹೆಂಡತಿ ಪರದೆ ನೋಡುತ್ತಿದ್ದಳು. ಊತ ಇಳಿದಿದೆ, ಗಂಟುಗಳು ಸಣ್ಣದಾಗಿವೆ, ಕೆಟ್ಟದ್ದಾಗಿದ್ದರೆ ಸುಮ್ಮನಿದ್ದು ಹೀಗೆ ಇಳಿಯುತ್ತಿರಲಿಲ್ಲ ಎಂದರು. ನನ್ನ ಹೆಗಲ ಮೇಲೆ ಹೆಂಡತಿಯ ಕೈ ಇತ್ತು. ಅದು ಅಲ್ಲಿ ಯಾವಾಗ ಬಂತೆಂದು ಗೊತ್ತಿಲ್ಲ, ಆ ಮಾತು ಕೇಳಿದಾಗ ಭಾರವಾಯಿತು. ಇನ್ನು ನಿಧಾನಕ್ಕೆ ಕೂಗಬಹುದು, ಆದರೆ ಮೈಕ್ ಇಲ್ಲದೆ ಕೂಡದು, ವರ್ಷಕ್ಕೊಮ್ಮೆ ಬಂದು ತೋರಿಸಬೇಕು ಎಂದರು ಡಾಕ್ಟರು.

ಮೈಕನ್ನು ನಾನೇ ಹೋಗಿ ಕೊಂಡೆ. ಧಣಿ ಕೊಡಿಸುತ್ತೇನೆ ಎಂದರು, ಬೇಡ ಎಂದೆ. ಕುತ್ತಿಗೆಗೆ ಹಾಕುವುದೇ ಆದರೆ ನನ್ನ ಸ್ವಂತದ್ದು ಇರಲಿ.

ಮತ್ತೆ ಕೂಗಲು ನಿಂತ ದಿನ ಬುಟ್ಟಿಯಲ್ಲಿ ಅಂಜಲ್ ಇತ್ತು. ಸುತ್ತ ಜನ ನಿಂತರು. ಕೈ ಎತ್ತಿದೆ. ಮೈಕಿನ ಗುಂಡಿ ಒತ್ತಿದೆ. ಆಮೇಲೆ ಸ್ವರ ಬಂತು. ಹಳೆಯ ಸ್ವರ ಅಲ್ಲ. ತಗ್ಗಿನದು, ಸ್ವಲ್ಪ ದೊರಗು. ಬೆಂಗ್ರೆಗೆ ಖಂಡಿತ ಕೇಳುವುದಿಲ್ಲ. ಕೇಳಿಸಿಕೊಳ್ಳಲು ಹೆಂಗಸರು ಎರಡು ಹೆಜ್ಜೆ ಹತ್ತಿರ ಬಂದರು, ಬರುವಾಗ ಅವರವರ ಜಗಳವನ್ನೂ ಸಣ್ಣ ಮಾಡಿಕೊಂಡರು. ಅಕ್ಕ ಎದುರಿಗೇ ನಿಂತಿದ್ದಳು.

"ಇವತ್ತು ಕೆಮ್ಮು ಇಲ್ವಾ ಮಾರಾಯ?" ಎಂದಳು. "ನನಗೆ ಅಂಜಲ್ ಬೇಕಿತ್ತು."

ನಗು ಬಂತು, ನುಂಗಿದೆ. ಎಲ್ಲೂ ತಾಗದೆ ಇಳಿಯಿತು. ಅವಳು ಹುಬ್ಬು ಎತ್ತಿದಳು, ಹೋಟೆಲಿನವನು ಗಲ್ಲ ತುರಿಸಿದ. ರೇಟು ಏರುತ್ತಿತ್ತು. ನಾನು ಕೈಯನ್ನು ಮೇಲೆಯೇ ಹಿಡಿದುಕೊಂಡೆ.